ಕುದುರೆಗೂ ನನಗೂ ಒಂದೇ ನಂಬರು

ರಿಯಾದಿನಲ್ಲಿ ನನ್ನ ಜೊತೆ ಕೆಲಸ ಮಾಡಿದ್ದ ಹಿರಿಯರೊಬ್ಬರು ತೀರಿಕೊಂಡರೆಂದು ಹಳಿಯಾಳದಿಂದ ಅವರ ಮಗಳು ಫೋನ್ ಮಾಡಿ ತಿಳಿಸಿದ ಮೇಲೆ ಒಂದು ವಾರ ನಮ್ಮ ಮನೆಯಲ್ಲಿ ಬರೀ ಅವರದೇ ಸುದ್ದಿ. ಹೇಳುವವನು ನಾನೊಬ್ಬನೇ, ಕೇಳುವ ಕರ್ಮ ಮನೆಮಂದಿಯದು. ಸತ್ತವರ ಬಗ್ಗೆ ಮಾತಾಡುವಾಗ ಮುಖ ಸಣ್ಣದು ಮಾಡಿಕೊಳ್ಳಬೇಕೆಂಬುದು ನನಗೂ ಗೊತ್ತು. ಆದರೆ ಈ ಮನುಷ್ಯನ ಕತೆ ಶುರುಮಾಡಿದರೆ ನನಗೆ ಅಳುವಿನ ಬದಲು ಹುರುಪು ಬರುತ್ತದೆ. ಕುರ್ಚಿಯ ತುದಿಗೆ ಸರಿದು ಕೈಬಾಯಿ ತಿರುಗಿಸಿಕೊಂಡು ಹೇಳತೊಡಗುತ್ತೇನೆ. ಸ್ವಲ್ಪ ಹಿಂದೆ ಸರಿದು ಕೂತುಕೊಳ್ಳಿ, ಬೀಳುತ್ತೀರಿ ಎಂದು ಹೆಂಡತಿ ಎಚ್ಚರಿಸಿದಳು. ಅವಳ ಹತ್ತಿರ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕದ ನಡುಭಾಗ. ರಿಯಾದಿನ ಕೈಗಾರಿಕಾ ವಲಯದ ಒಂದು ಪ್ರೆಸ್ಸಿನಲ್ಲಿ ನನಗೆ ಕ್ಯಾಮೆರಾ ಕೋಣೆಯ ಕೆಲಸ. ಚಿತ್ರಗಳನ್ನು ಫಿಲ್ಮಿಗೆ ಇಳಿಸಿ ಅಚ್ಚಿನ ಪ್ಲೇಟು ಮಾಡುವವರಿಗೆ ದಾಟಿಸುವುದು. ಹಾಲಿನ ಡಬ್ಬ, ಖರ್ಜೂರದ ಪೆಟ್ಟಿಗೆಗಳ ಲೇಬಲ್ಲು ನಮ್ಮ ಪ್ರೆಸ್ಸಿನ ಅನ್ನ. ಅದರ ಜೊತೆಗೆ ಮಕ್ಕಳಿಗಾಗಿ ಅರಬ್ಬಿಯಲ್ಲಿ ಒಂದು ಮಾಸಪತ್ರಿಕೆಯೂ ಬರುತ್ತಿತ್ತು. ಅದರ ಅರ್ಧ ಪುಟಗಳಲ್ಲಿ ಸೂಪರ್‌ಹೀರೋಗಳ ಕಾಮಿಕ್ಸ್. ವಿದೇಶದಿಂದ ಕಪ್ಪು ಗೆರೆಗಳ ಫಿಲ್ಮಾಗಿ ಬರುತ್ತಿದ್ದ ಆ ಕತೆಗಳಿಗೆ ಬಣ್ಣ ಕೊಡುವ, ಈ ದೇಶಕ್ಕೆ ಒಗ್ಗುವ ಹಾಗೆ ಅವನ್ನು ತಿದ್ದುವ ಕೆಲಸ ಈಗ ತೀರಿಕೊಂಡ ಇವರದ್ದು. ಪ್ರೆಸ್ಸಿನಲ್ಲಿ ಎಲ್ಲರೂ ಅವರನ್ನು ಮಾಸ್ತರ್ ಎನ್ನುತ್ತಿದ್ದರು. ನಾನೂ ಇಲ್ಲಿ ಹಾಗೆಯೇ ಕರೆಯುತ್ತೇನೆ.

ಉದ್ದನೆಯ ಆಳು, ಒತ್ತಾದ ಗುಂಗುರು ಕೂದಲು, ಕಡುಗಪ್ಪು ಮೈ, ನಕ್ಕರೆ ಕೋಣೆಯೆಲ್ಲ ಕೇಳುವ ದನಿ. ಕೆಲಸಕ್ಕೆ ಸೇರಿದ ದಿನ ಅವರನ್ನು ಸುಡಾನಿನವರೆಂದು ತಿಳಿದು, ಬರುವ ನಾಲ್ಕು ಅರಬ್ಬಿ ಮಾತು ಜೋಡಿಸಿ ನಮಸ್ಕಾರ ಹೇಳಿದೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಉಡುಪಿ ಕಡೇವ್ರೇನ್ರಿ? ಚಹಾ ಆತಿಲ್ಲೋ?" ಅಂದರು. ನಾನು ಸುತ್ತ ನೋಡಿದೆ, ಮಾತಾಡಿದ್ದು ಬೇರೆ ಯಾರೋ ಇರಬೇಕೆಂದು. ಅವರು ಸಿದ್ದಿ ಜನ, ಅವರಲ್ಲೇ ಮುಸ್ಲಿಮರು. ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತಂದು ಮಾರಿದವರ ಸಂತಾನ, ಯಲ್ಲಾಪುರ ಹಳಿಯಾಳದ ಕಾಡಂಚಿನಲ್ಲಿ ನೆಲೆಯಾದವರು. ಹುಬ್ಬಳ್ಳಿಯ ಕ್ಯಾಲೆಂಡರ್ ಪ್ರೆಸ್ಸೊಂದರಲ್ಲಿ ಬಣ್ಣದ ಕೆಲಸ ಕಲಿತು ಇಲ್ಲಿಗೆ ಬಂದಿದ್ದರು. ಪಕ್ಕದ ದಕ್ಷಿಣ ಕನ್ನಡದಲ್ಲೇ ಹುಟ್ಟಿ ಬೆಳೆದ ನನಗೆ ಅಂಥ ಜನ ನಮ್ಮಲ್ಲಿದ್ದಾರೆಂದು ಗೊತ್ತಾದದ್ದು ರಿಯಾದಿನಲ್ಲಿ.

ಅವರ ಮುಖ ಮತ್ತು ಅವರ ಮಾತು ಒಂದಕ್ಕೊಂದು ಹೊಂದುತ್ತಿರಲಿಲ್ಲವೆಂದು ಜಗತ್ತಿಗೆಲ್ಲ ತಕರಾರು. ಸುಡಾನಿನವರು ತಮ್ಮವನೆಂದು ತಬ್ಬಿಕೊಂಡು ಊರ ಸುದ್ದಿ ಶುರುಮಾಡುವರು. ಇವರು ಎಲ್ಲಕ್ಕೂ ತಲೆಯಾಡಿಸಿ ಕೊನೆಗೆ ಹೊಟ್ಟೆ ಹಿಡಿದು ನಗುವರು. ಒಂದು ಶುಕ್ರವಾರ ಬತ್ಹಾ ಪೇಟೆಯ ಚಹಾದಂಗಡಿಯಲ್ಲಿ ಪುತ್ತೂರಿನ ಇಬ್ಬರು ಖಾಲಿ ಕುರ್ಚಿ ಹುಡುಕುತ್ತ, ಈ ಸುಡಾನಿ ಪಕ್ಕದಲ್ಲಿ ಜಾಗ ಉಂಟು, ಕೂತರೆ ಎಂತ ಅಂದಾನೋ ಎಂದು ಕನ್ನಡದಲ್ಲಿ ಚರ್ಚೆ ನಡೆಸಿದ್ದರು. ಕೂಡ್ರಿ ಕೂಡ್ರಿ, ಏನೂ ಅನ್ನಂಗಿಲ್ಲ ಅಂದರು ಇವರು. ಅಷ್ಟಾದರೂ ಆ ಇಬ್ಬರು ಒಪ್ಪಬೇಕಲ್ಲ? ಕನ್ನಡ ಎಲ್ಲಿ ಕಲಿತದ್ದು, ಅಡ್ಡಿಯಿಲ್ಲ ಚೆನ್ನಾಗಿ ಬರ್ತದೆ ನಿಮಗೆ ಎಂದು ಬೆನ್ನು ತಟ್ಟಿದರು. "ನಿಮ್ಮದೂ ಅಡ್ಡಿಯಿಲ್ರಿ," ಅಂದರು ಮಾಸ್ತರರು, "ಇನ್ನೊಂದೀಟು ಬಳಸ್ರಿ, ಪೂರಾ ಬರ್ತದ." ಈ ಮಾತನ್ನು ನಾನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ.

ಪೊಲೀಸರೊಡನೆ ಮಾತ್ರ ತಮಾಷೆ ಅಷ್ಟು ಸಲೀಸಾಗಿ ಮುಗಿಯುತ್ತಿರಲಿಲ್ಲ. ಇಕಾಮಾ, ಅಂದರೆ ಆ ದೇಶದಲ್ಲಿರಲು ಕೊಟ್ಟ ಪರವಾನಗಿ, ತೋರಿಸು ಅನ್ನುವರು. ಅದರಲ್ಲಿ ಹಿಂದಿ, ಅಂದರೆ ಭಾರತದವನು ಎಂದಿರುತ್ತದೆ. ಮುಖ ನೋಡಿದರೆ ಸುಳ್ಳು ಕಾಗದ ಅನ್ನಿಸುತ್ತದೆ. ಒಮ್ಮೆ ಒಬ್ಬ ಪೊಲೀಸ್, ನಿನ್ನ ದೇಶದ ಭಾಷೆ ಮಾತಾಡು ನೋಡೋಣ ಎಂದು ದಾರಿಯಲ್ಲಿ ಹೋಗುತ್ತಿದ್ದ ಪೇಶಾವರದ ಟ್ಯಾಕ್ಸಿ ಡ್ರೈವರನನ್ನು ಪರೀಕ್ಷಕನಾಗಿ ನಿಲ್ಲಿಸಿಕೊಂಡ. ಗಾಬರಿಯಲ್ಲಿ ಮಾಸ್ತರರಿಗೆ ಬಾಯಿಗೆ ಬಂದದ್ದು ಹಳಿಯಾಳದ ಕನ್ನಡ. ಡ್ರೈವರನೋ ಪ್ರಾಮಾಣಿಕ ಮನುಷ್ಯ. ಇದು ಹಿಂದಿಯಲ್ಲ, ನಾನು ಕೇಳಿಯೇ ಇಲ್ಲ ಎಂದುಬಿಟ್ಟ. ಠಾಣೆಗೆ ಹೋಗಿ ಬಿಡಿಸಿ ತಂದವನು ನಾನು. ಪ್ರೆಸ್ಸಿನ ಕಾಗದ ಏನೇನೋ ಒಯ್ದಿದ್ದೆ, ಅದನ್ನೆಲ್ಲ ಯಾರೂ ನೋಡಲಿಲ್ಲ. ನನ್ನ ಮುಖ ನೋಡಿದರು, ಇವನು ನಿಮ್ಮವನೇ ಎಂದು ಕೇಳಿದರು, ಬಿಟ್ಟರು. ಬಸ್ಸಿನಲ್ಲಿ ವಾಪಸು ಬರುವಾಗ, ನಿಮ್ಮ ಮುಖ ಒಂದೆರಡ ದಿನಕ್ಕ ಸಾಲಾ ಕೊಡ್ರಿ ಅಂತ ಅವರು ನಕ್ಕರು. ನನಗೆ ನಗು ಬರಲಿಲ್ಲ.

ಕೆಲಸದಲ್ಲಿ ಅವರನ್ನು ನೋಡಬೇಕಿತ್ತು ನೀವು. ಅಡಿಯಿಂದ ದೀಪ ಉರಿಯುವ ಗಾಜಿನ ಮೇಜು, ಅದರ ಮೇಲೆ ಬಗ್ಗಿದ ದೊಡ್ಡ ದೇಹ, ಬೆರಳಲ್ಲಿ ಬ್ಲೇಡು. ವಿದೇಶದ ಕತೆಗಳಲ್ಲಿ ಹೆಂಗಸರು ತೋಳಿಲ್ಲದ ಅಂಗಿ ಹಾಕಿ ಹಾರಾಡಿದರೆ ಇವರು ತೋಳು ಹೊಲಿಯುವರು. ಮೊಣಕಾಲು ಕಂಡರೆ ಲಂಗ ಇಳಿಸುವರು. ನಾವು ಪ್ರಿಂಟರಲ್ಲ ಟೇಲರ್ ಎಂದು ನಾನು ಗೊಣಗುತ್ತಿದ್ದೆ. ಅದಕ್ಕಿಂತ ದೊಡ್ಡ ಕೆಲಸ ಮಗುಚುವುದು. ಅರಬ್ಬಿ ಬಲದಿಂದ ಎಡಕ್ಕೆ ಓದುವ ಭಾಷೆ. ಪತ್ರಿಕೆಯೂ ನಮ್ಮ ಪುಸ್ತಕದ ಹಿಂಬದಿಯಿಂದಲೇ ತೆರೆಯುತ್ತದೆ. ವಿದೇಶದ ಚಿತ್ರಗಳು ಎಡದಿಂದ ಓಡುತ್ತವೆ. ಆದ್ದರಿಂದ ಫಿಲ್ಮನ್ನೇ ಮಗುಚಿ ಹಾಕಿಬಿಡುವುದು, ಆಗ ಚಿತ್ರವೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುತ್ತದೆ. ಫಜೀತಿ ಶುರುವಾಗುವುದು ಆಮೇಲೆ. ಬಲಗೈ ಬಂಟರೆಲ್ಲ ಎಡಚರಾಗುತ್ತಾರೆ. ಗುದ್ದುವುದು ಎಡಗೈಯಲ್ಲಾದರೆ ಯಾರಿಗೂ ಚಿಂತೆಯಿಲ್ಲ, ಉಣ್ಣುವುದು, ಕೊಡುವುದು ಎಡಗೈಯಲ್ಲಾದರೆ ಆ ಪತ್ರಿಕೆಯನ್ನು ಇಲ್ಲಿನ ತಾಯಂದಿರು ಮನೆಯೊಳಗೆ ಬಿಡುವುದಿಲ್ಲ. ನಮ್ಮೂರಲ್ಲೂ ಅಷ್ಟೇ ತಾನೆ. ಅಂಥ ಕೈಗಳನ್ನೆಲ್ಲ ಹುಡುಕಿ ಕತ್ತರಿಸಿ ಬಲಕ್ಕೆ ಅಂಟಿಸುವುದರಲ್ಲಿ ಮಾಸ್ತರರು ತಪ್ಪಿದ್ದನ್ನು ನಾನು ಕಂಡಿರಲಿಲ್ಲ.

ಆ ಕತೆಗಳಲ್ಲೊಂದು ವೀರರ ಗುಂಪಿತ್ತು. ಅದರಲ್ಲಿ ಒಬ್ಬ ಕಪ್ಪು ಹೀರೋ. ಮಾಸ್ತರರ ಕಣ್ಣು ಸದಾ ಅವನ ಮೇಲೆ. ಉಳಿದವರಿಗೆ ಆಫೀಸು, ಮನೆ, ಪ್ರೇಮ, ಊಟದ ಮೇಜು ಎಲ್ಲ ಇದ್ದವು. ಇವನಿಗೆ ಇದ್ದದ್ದು ಬರೀ ಸಿಟ್ಟು. ಹಿಂದೆ ಜೈಲಿಗೆ ಹೋಗಿ ಬಂದವನು, ಕಾದಾಟದಲ್ಲಿ ಮೊದಲು ಬೀಳುವವನು, ಎಲ್ಲರೂ ಸಾಲಾಗಿ ನಿಂತ ಚಿತ್ರದಲ್ಲಿ ಹಿಂದಿನ ಮೂಲೆಯಲ್ಲಿ ಅರ್ಧ ಮುಖ ತೋರಿಸುವವನು. ಒಂದು ಸಲ ಅಂಥ ಚಿತ್ರವನ್ನು ಮಗುಚಿ ದೀಪದ ಮೇಲಿಟ್ಟು ನನ್ನನ್ನು ಕರೆದರು.

"ನೋಡ್ರಿಲ್ಲೆ. ಆ ಕಡಿ ಮೂಲ್ಯಾಗಿಂದ ಈ ಕಡಿ ಮೂಲಿಗೆ ಬಂದಾನ. ಮುಂದ ಮಾತ್ರ ಬಂದಿಲ್ಲ."

ಅವನ ಬಣ್ಣದ ಮೇಲೆ ಅವರಿಗೆ ಇನ್ನೂ ಹೆಚ್ಚಿನ ಕೋಪ. ಬಣ್ಣದ ಮುದ್ರಣವೆಂದರೆ ಹಳದಿ, ಗುಲಾಬಿ, ನೀಲಿ, ಕಪ್ಪು ಈ ನಾಲ್ಕು ಶಾಯಿಗಳ ಆಟ. ಯಾವುದು ಎಷ್ಟು ಪಾಲು ಬೆರೆತರೆ ಯಾವ ಬಣ್ಣ ಎಂದು ತೋರಿಸುವ ಒಂದು ಪಟ್ಟಿಯನ್ನು ಫಿಲ್ಮುಗಳ ಜೊತೆಗೇ ಕಳಿಸಿದ್ದರು. ಅದನ್ನು ಗೋಡೆಗೆ ಹೊಡೆದಿದ್ದೆವು. ಪ್ರತಿ ಬಣ್ಣಕ್ಕೂ ಒಂದು ನಂಬರು. ಬಿಳಿ ಮುಖಕ್ಕೆ ಆ ಪಟ್ಟಿಯಲ್ಲಿ ಐದಾರು ಬಗೆ: ನಾಚಿದ ಕೆನ್ನೆಗೆ ಬೇರೆ, ಬಿಸಿಲಲ್ಲಿ ನಿಂತವನಿಗೆ ಬೇರೆ, ಕಾಯಿಲೆಯವನಿಗೆ ಬೇರೆ. ಕಂದು ಮಾತ್ರ ಒಂದೇ. ಮರದ ಬಾಗಿಲು, ಕುದುರೆ, ಕೆಸರು, ಆ ಕಪ್ಪು ಹೀರೋ ಎಲ್ಲಕ್ಕೂ ಅದೇ. ಅಚ್ಚಾದಾಗ ಅದು ಬೂದಿ ಕಲಸಿದ ಹಾಗೆ ಕಾಣುತ್ತಿತ್ತು, ಮನುಷ್ಯನ ಮೈಯ ಹಾಗಲ್ಲ. "ಕುದುರೆಗೂ ನನಗೂ ಒಂದೇ ನಂಬರು" ಎಂದು ಮಾಸ್ತರರು ದಿನಕ್ಕೊಂದು ಸಲವಾದರೂ ಹೇಳುವರು. ಹುಬ್ಬಳ್ಳಿಯಲ್ಲೂ ಇದೇ ಹಣೆಬರಹವಂತೆ. ಕ್ಯಾಲೆಂಡರಿನಲ್ಲಿ ಕೃಷ್ಣನಿಗೆ ಬಳಿಯಲು ಅವರ ಕೈಗೆ ಕೊಟ್ಟದ್ದು ನೀಲಿ ಡಬ್ಬಿ. ಕಪ್ಪಂತ ಹೆಸರಿಟಗೊಂಡ ದೇವರಿಗೇ ಕಪ್ಪು ಸಿಗಲಿಲ್ಲ, ಇನ್ನ ನನ್ನ ಪಾಡೇನ್ರಿ ಎಂದು ಕೇಳುವರು. ಹೇಳುತ್ತಿದ್ದದ್ದು ನಗುತ್ತಲೇ.

ನಗದೆ ಹೇಳಿದ್ದು ಮಗಳ ಸಂಗತಿಯೊಂದನ್ನೇ. ಊರಿನಲ್ಲಿ ಮೂರನೇ ಇಯತ್ತೆ ಓದುತ್ತಿದ್ದ ಹುಡುಗಿ. ಶಾಲೆಯ ನಾಟಕದಲ್ಲಿ ಪ್ರತಿವರ್ಷ ಅವಳಿಗೆ ರಾಕ್ಷಸಿಯ ವೇಷ. ಬಣ್ಣ ಹಚ್ಚುವ ಖರ್ಚು ಉಳಿಯಿತೆಂದು ಮೇಷ್ಟರು ತಮಾಷೆ ಮಾಡಿದರಂತೆ. ಆಕೆ ಅದನ್ನು ಹೆಮ್ಮೆಯಿಂದ, ನಾನು ಚೆನ್ನಾಗಿ ಕಿರುಚಿದೆ ಅಪ್ಪಾ ಎಂದು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳಿಸಿದ್ದಳು. ಆ ಕ್ಯಾಸೆಟ್ಟನ್ನು ಕೇಳಿಸಿದ ದಿನ ಮಾಸ್ತರರು ನೇರವಾಗಿ ಹೇಳಿದರು: "ಒಮ್ಮೆರೆ ಆಕಿ ಒಬ್ಬ ಹೀರೋನ ಮುಖ ನೋಡಿ, ಇಂವಾ ನಮ್ಮಂಗ ಅದಾನಲ್ಲ ಅನಬೇಕ್ರಿ. ಅಷ್ಟ. ಮತ್ತೇನ ಬ್ಯಾಡ ನನಗ." ಅವರಿಗೆ ಬೇಕಾಗಿದ್ದದ್ದು ಅದೊಂದೇ. ಅದಕ್ಕೆ ಮೊದಲು ಸರಿಯಾದ ಕಂದು ಬೇಕಿತ್ತು.

ಆ ಬಣ್ಣ ಹುಡುಕಿದ ದಿನಗಳನ್ನು ನೆನೆದರೆ ಈಗಲೂ ನನ್ನ ಮೈ ಬಿಸಿಯಾಗುತ್ತದೆ. ಲೇಬಲ್ಲು ಅಚ್ಚಾಗುವಾಗ ಹಾಳೆಯ ಅಂಚಿನಲ್ಲಿ ಕತ್ತರಿಸಿ ಬಿಸಾಡುವ ಜಾಗವಿರುತ್ತದಲ್ಲ, ಅಲ್ಲಿ ಮಾಸ್ತರರು ಪುಟ್ಟ ಪುಟ್ಟ ಚೌಕಗಳನ್ನು ಹಾಕತೊಡಗಿದರು. ಹಳದಿ ಹೆಚ್ಚಿಸಿ ಒಂದು, ನೀಲಿ ತಗ್ಗಿಸಿ ಇನ್ನೊಂದು. ಮೆಷಿನ್ ನಡೆಸುತ್ತಿದ್ದ ಸುಡಾನಿನವನಿಗೂ ಹುಚ್ಚು ಹತ್ತಿತು. ಊಟದ ಬಿಡುವಿನಲ್ಲಿ ಎಲ್ಲರೂ ಅಂಗಿಯ ತೋಳು ಮಡಚಿ ದೀಪದ ಮೇಜಿನ ಮೇಲೆ ಕೈ ಚಾಚುವುದು, ಚೌಕಗಳನ್ನು ಪಕ್ಕದಲ್ಲಿಟ್ಟು ಹೋಲಿಸುವುದು. ಸುಡಾನಿನವನ ಕೈ, ಮಾಸ್ತರರ ಕೈ, ಯೆಮೆನಿನವನ ಕೈ, ಕೊಲ್ಲಂನ ಪ್ಲೇಟ್ ಮೇಕರನ ಕೈ, ನನ್ನದು. ನಾನು ನಮ್ಮ ಮನೆಯಲ್ಲೇ ಬೆಳ್ಳಗಿನವನೆಂದು ಹೆಸರು ಪಡೆದವನು. ಪಟ್ಟಿಯ ಯಾವ ಬಿಳಿ ನಂಬರೂ ನನ್ನ ಹತ್ತಿರ ಸುಳಿಯಲಿಲ್ಲ. ನಾನೂ ಬಾಗಿಲು ಮತ್ತು ಕುದುರೆಯ ಕಡೆಯವನೇ ಎಂದು ತಿಳಿದು ಎಲ್ಲರೂ ಕೇಕೆ ಹಾಕಿದರು. ಮದುವೆಯ ಮಾತುಕತೆಯಲ್ಲಿ ನಮ್ಮಮ್ಮ ನನ್ನ ಬಣ್ಣ ಹೊಗಳಿದ್ದೆಲ್ಲ ಅಲ್ಲಿಗೆ ಮಣ್ಣುಪಾಲು. ಕೊನೆಗೆ ಒಂದು ಚೌಕ ಮಾಸ್ತರರ ಮುಂಗೈ ಮೇಲೆ ಇಟ್ಟಾಗ ಎಲ್ಲಿ ಕಾಗದ ಮುಗಿಯಿತು, ಎಲ್ಲಿ ಕೈ ಶುರುವಾಯಿತು ಎಂದು ತಿಳಿಯದ ಹಾಗಾಯಿತು. ಗೋಡೆಯ ಪಟ್ಟಿಯ ಕೆಳಗೆ ಅದನ್ನು ಅಂಟಿಸಿ ಹೊಸ ನಂಬರು ಕೊಟ್ಟರು. ಸುಡಾನಿನವನು ಎಲ್ಲರಿಗೂ ಚಹಾ ಕೊಡಿಸಿದ.

ಬಣ್ಣ ಸಿಕ್ಕಿತು, ಹಚ್ಚಲು ಹೀರೋ ಬೇಕಲ್ಲ. ಅದಕ್ಕೂ ಕಾಲ ಕೂಡಿಬಂತು. ಒಂದು ತಿಂಗಳು ವಿದೇಶದ ಫಿಲ್ಮು ವಿಮಾನ ನಿಲ್ದಾಣದಲ್ಲೇ ಸಿಕ್ಕಿಹಾಕಿಕೊಂಡು ಪತ್ರಿಕೆಯ ಕೊನೆಯ ಆರು ಪುಟ ಖಾಲಿ ಉಳಿದವು. ಕೈರೋದಿಂದ ಬಂದಿದ್ದ ನಮ್ಮ ಸಂಪಾದಕರು ತಲೆ ಮೇಲೆ ಕೈ ಹೊತ್ತು ಕೂತರು. ಒಳ್ಳೆಯ ಮನುಷ್ಯ, ಆದರೆ ಪ್ರೆಸ್ಸಿನ ಮಾಲೀಕರ ಕಾರಿನ ಸದ್ದು ಕೇಳಿದರೂ ಟೈ ಸರಿಮಾಡಿಕೊಳ್ಳುವವರು. ಮಾಸ್ತರರು ಸೀದಾ ಅವರ ಕೋಣೆಗೆ ಹೋಗಿ, ನನ್ನ ಹತ್ತಿರ ಒಂದು ಕತೆಯಿದೆ ಅಂದರು. ನೀರಿನ ಟ್ಯಾಂಕರ್ ಓಡಿಸುವ ಒಬ್ಬ ಚಾಲಕ. ಆಪತ್ತು ಬಂದರೆ ಅವನು ಟ್ಯಾಂಕರನ್ನೇ ಹೆಗಲ ಮೇಲೆ ಹೊತ್ತು ಓಡುತ್ತಾನೆ, ಕಾಲಲ್ಲಿ ಒದ್ದರೆ ಮರಳಿನಿಂದ ನೀರು ಚಿಮ್ಮುತ್ತದೆ. ತಾಯಿಫ್ ರಸ್ತೆಯಲ್ಲಿ ಮರಳಿನ ಬಿರುಗಾಳಿಗೆ ಹೂತುಹೋದ ಬಸ್ಸನ್ನು ಎಳೆದು ತೆಗೆದು ಒಳಗಿದ್ದವರಿಗೆಲ್ಲ ನೀರು ಕೊಡುತ್ತಾನೆ. ನಾನು ಬಾಗಿಲ ಹೊರಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆ. ಸಂಪಾದಕರಿಗೆ ಕತೆ ಬಲು ಹಿಡಿಸಿತು. ಪೆನ್ಸಿಲಿನ ಚಿತ್ರದಲ್ಲಿ ಮಾಸ್ತರರ ಹಾಗೇ ಇದ್ದ ಹೀರೋನ ಮುಖ ನೋಡಿ ಮಾತ್ರ ಹಾಳೆ ಪಕ್ಕಕ್ಕೆ ಸರಿಸಿದರು.

ಅವರೇನೂ ಬೈಯಲಿಲ್ಲ. ನನಗೆ ಅಡ್ಡಿಯಿಲ್ಲ, ಮಾಲೀಕರು ಏನೆನ್ನುತ್ತಾರೋ, ಮಕ್ಕಳು ತಮ್ಮಂಥವನನ್ನು ನೋಡಲು ಬಯಸುತ್ತಾರೆ ಎಂದು ಮೆಲ್ಲಗೆ ಹೇಳಿ, ತಾವೇ ಒಂದು ಉಪಾಯವನ್ನೂ ಕೊಟ್ಟರು. ಸೂಪರ್‌ಹೀರೋ ತಾನೆ, ಮುಖಕ್ಕೆ ಪೂರ್ತಿ ಮುಖವಾಡ ಹಾಕು, ಕೈಗೆ ಗ್ಲೌಸು ಹಾಕು, ಆಗ ಯಾರಿಗೂ ಏನೂ ತೊಂದರೆಯಿಲ್ಲ. ಮಾಸ್ತರರು ಹೊರಗೆ ಬಂದು ಗೋಡೆಗೆ ಒರಗಿದರು. "ಇದ ಬೀದ್ಯಾಗ ನನ್ನ ಬಣ್ಣದ ಸೌದಿ ಹುಡುಗರು ಎಷ್ಟ ಅದಾವು," ಅಂದರು. "ಅವು ಯಾರನ್ನ ನೋಡಬೇಕ್ರಿ?" ನನಗೆ ಎಷ್ಟು ಸಂಕಟವಾಯಿತೆಂದರೆ, ಬೇಡ ಮಾಸ್ತ್ರೆ, ಬರೆಯುವುದೇ ಬೇಡ ಅಂದೆ. ಅವರು ಬರೆದರು. ಮುಖವಾಡ ಹಾಕಿಯೇ ಬರೆದರು. ಮುಖ ಮುಚ್ಚಿಕೊಂಡಾದರೂ ಅವನು ಒಂದು ಸಲ ಮುಂದೆ ಬರಲಿ ಎಂದರು.

ಇನ್ನು ಆದದ್ದು ನೋಡಿ. ವರ್ಷಗಟ್ಟಲೆ ಬೇರೆಯವರ ಚಿತ್ರಗಳನ್ನು ಮಗುಚಿದ ಈ ಮಹಾನುಭಾವರು, ತಮ್ಮದೇ ಕತೆ ಬರೆಯುವ ಉತ್ಸಾಹದಲ್ಲಿ ಆರೂ ಪುಟಗಳನ್ನು ಎಡದಿಂದ ಬಲಕ್ಕೆ ಬರೆದುಬಿಟ್ಟರು. ಕ್ಯಾಮೆರಾದಲ್ಲಿ ಹಿಡಿದ ನನಗೂ ಹೊಳೆಯಲಿಲ್ಲ, ಕನ್ನಡ ಓದುವ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತ್ತು. ಫಿಲ್ಮು ತೊಳೆದು ಒಣಗಿಸಿದ ಮೇಲೆ ಸಂಪಾದಕರು ಹೌಹಾರಿದರು. ಕೈ ಕನ್ನಡ ಸಾಲ್ಯಾಗ ಕಲತದ್ದ ನೋಡ್ರಿ, ತನ್ನ ದಾರಿ ತಾನ ಹಿಡೀತು ಎಂದು ಮಾಸ್ತರರು ತಲೆ ತುರಿಸಿಕೊಂಡರು. ಮಗುಚದೆ ಗತಿಯಿಲ್ಲ, ಮಗುಚಿದೆವು. ಎಲ್ಲ ಸರಿಹೋಯಿತು, ಕೊನೆಯ ಪುಟದ ಅರ್ಧ ತುಂಬುವ ದೊಡ್ಡ ಚಿತ್ರವೊಂದು ಬಿಟ್ಟು. ಅದರಲ್ಲಿ ನಮ್ಮ ಹೀರೋ ಬಸ್ಸಿನಿಂದಿಳಿದ ಮುದುಕಿಯೊಬ್ಬಳಿಗೆ ಎಡಗೈಯಲ್ಲಿ ನೀರು ಕೊಡುತ್ತಿದ್ದ.

ಸಂಪಾದಕರು ಗಡಿಯಾರ ನೋಡಿದರು. ಸಂಜೆಯೊಳಗೆ ಪ್ಲೇಟು ಆಗಬೇಕು. ಅಷ್ಟು ದೊಡ್ಡ ಚಿತ್ರದಲ್ಲಿ ಕೈ ಕತ್ತರಿಸಿ ಅಂಟಿಸಿದರೆ ಗುರುತು ಕಾಣುತ್ತದೆ. ಇದೊಂದು ಚಿತ್ರ ಹೊಸದಾಗಿ ಬರೆದುಕೊಡು, ಬಲಗೈ ಇರಲಿ ಎಂದು ಹೇಳಿ ಹೋದರು. ಮಧ್ಯಾಹ್ನದ ನಮಾಜು ಮುಗಿಸಿ ಬಂದ ಮಾಸ್ತರರು ಮೇಜಿಗೆ ಕೂತವರು ತಲೆಯೆತ್ತಲಿಲ್ಲ. ನಾನು ಇಣುಕಿ ನೋಡಿದೆ. ಬಸ್ಸಿನವರೆಲ್ಲ ಕುಡಿದಾದ ಮೇಲೆ ಹೀರೋ ಈಗ ತಾನೇ ನೀರು ಕುಡಿಯುತ್ತಿದ್ದಾನೆ. ಬಲಗೈಯಲ್ಲಿ ಬಟ್ಟಲು. ಕುಡಿಯಬೇಕಲ್ಲ, ಗ್ಲೌಸು ತೆಗೆದಿದ್ದಾನೆ, ಮುಖವಾಡವನ್ನು ತಲೆಯ ಹಿಂದಕ್ಕೆ ತಳ್ಳಿದ್ದಾನೆ. ಗುಂಗುರು ಕೂದಲು, ಅಗಲವಾದ ಮೂಗು, ದಪ್ಪ ತುಟಿಯ ಅಂಚಿನಲ್ಲಿ ನೀರಿನ ಹನಿ. ಇಡೀ ಮುಖ, ಅರ್ಧ ಪುಟದ ಅಗಲಕ್ಕೆ. ಎಂತ ಮಾಸ್ತ್ರೆ ಇದು, ಊರಿಗೆ ಕಳಿಸಿಬಿಡ್ತಾರೆ ನಿಮ್ಮನ್ನು ಎಂದೆ. ಈ ಶೆಕಿಯೊಳಗ ಮುಖವಾಡ ಹಾಕ್ಕೊಂಡ ನೀರು ಹ್ಯಾಂಗ ಕುಡಿಯೋದು, ನೀವ ಹೇಳ್ರಿ ಎಂದು ನನ್ನನ್ನೇ ಕೇಳಿದರು. ಸಂಪಾದಕರಿಗೆ ಕೊಡಲು ಆ ಉತ್ತರವನ್ನು ಸಿದ್ಧಮಾಡಿಟ್ಟುಕೊಂಡಿದ್ದರು. ಅದರ ಅಗತ್ಯವೇ ಬೀಳಲಿಲ್ಲ. ಸಂಪಾದಕರು ಕೈ ನೋಡಲು ಓಡಿ ಬಂದವರು ಕೈಯನ್ನೇ ನೋಡಿದರು, ಬಲಗೈ, ತಮಾಮ್, ಸರಿಯಾಗಿದೆ ಎಂದರು, ಹೋದರು.

ಗೆರೆಯ ಚಿತ್ರದಲ್ಲಿ ಬಣ್ಣವಿರುವುದಿಲ್ಲ. ಅದನ್ನು ತೀರ್ಮಾನಿಸುವುದು ನಮ್ಮ ಕೋಣೆ. ಮುಖದ ಜಾಗಕ್ಕೆ ಯಾವ ನಂಬರು ಬರೆಯಬೇಕೆಂದು ಮಾಸ್ತರರು ಪೆನ್ಸಿಲು ಹಿಡಿದು ಕೂತರು. ಇಕಾಮಾ ಉಳಿಸುವುದು, ರದ್ದು ಮಾಡಿಸುವುದು ಮಾಲೀಕರ ಕೈಯಲ್ಲಿ. ಕೆಲಸ ಹೋದರೆ ಊರಿನ ಮನೆ ನಡೆಯುವುದು ಅಲ್ಲಿಗೆ ನಿಲ್ಲುತ್ತದೆ. ಒಂದು ತೆಳು ಗುಲಾಬಿಯ ನಂಬರು ಬರೆದುಬಿಟ್ಟರೆ ಯಾರಿಗೂ ಯಾವ ತಾಪತ್ರಯವೂ ಇಲ್ಲ. ಅವರು ತಮ್ಮ ಹೊಸ ನಂಬರು ಬರೆದರು. ಪ್ಲೇಟು ಮೆಷಿನ್ನಿಗೆ ಹತ್ತಿತು. ಮೊದಲ ಒಳ್ಳೆಯ ಹಾಳೆ ಬಿದ್ದಾಗ ಸುಡಾನಿನವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ದೀಪದ ಕೆಳಗೆ ಒಯ್ದ. ನಾವೆಲ್ಲ ನುಗ್ಗಿದೆವು. ಆ ಮುಖ ಹೊಳೆಯುತ್ತಿತ್ತು, ಬೂದಿಯಿಲ್ಲ, ಕೆಸರಿಲ್ಲ, ಬಿಸಿಲಲ್ಲಿ ದುಡಿದು ಬಂದ ಮನುಷ್ಯನ ಮುಖ. ನನಗೆ ಕುಣಿಯಬೇಕೆನ್ನಿಸಿತು, ಸ್ವಲ್ಪ ಕುಣಿದೆ ಕೂಡ. ಮಾಸ್ತರರು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿ, ಹಳದಿ ಒಂದ್ ಚೂರ ಜಾಸ್ತಿ ಆತು ಅಂದರು.

ಪತ್ರಿಕೆ ಅಂಗಡಿ ಸೇರಿದ ಮೇಲೆ ಸಂಪಾದಕರು ಅವರನ್ನು ಒಳಗೆ ಕರೆದರು. ತಿಳಿದೇ ಮಾಡಿದೆಯಾ ಎಂದು ಕೇಳಿದರಂತೆ. ತಿಳಿದೇ ಮಾಡಿದೆ ಎಂದರಂತೆ ಇವರು. ಮಾಲೀಕರು ಕೇಳಿದರೆ ನಿನ್ನನ್ನೇ ಮುಂದೆ ನಿಲ್ಲಿಸುತ್ತೇನೆ ಎಂದು ಸಂಪಾದಕರು ಮುಖ ತಿರುಗಿಸಿದರು. ನಾವು ಮಾಲೀಕರ ಕಾರು ಬಂದಾಗಲೆಲ್ಲ ಕೆಲಸ ಬಿಟ್ಟು ಅತ್ತಲೇ ಕಿವಿಗೊಟ್ಟೆವು. ಅವರು ಖರ್ಜೂರದ ಲೇಬಲ್ಲಿನ ಬಗ್ಗೆ ವಿಚಾರಿಸಿದರು, ಹಾಲಿನ ಡಬ್ಬದ ಬಗ್ಗೆ ವಿಚಾರಿಸಿದರು, ಕಾಮಿಕ್ಸಿನ ಬಗ್ಗೆ ಒಂದು ಮಾತೂ ಇಲ್ಲ. ಕೇಳಿದವರು ಮಕ್ಕಳು. ತಬೂಕಿನಿಂದ, ಜಿದ್ದಾದಿಂದ ಫೋನು ಮಾಡಿ ನೀರು ಕೊಡುವವನ ಮುಂದಿನ ಕತೆ ಯಾವಾಗ ಎಂದು ಸಂಪಾದಕರ ಪ್ರಾಣ ತಿಂದರು. ಕೊನೆಗೆ ಅವರೇ ನಮ್ಮ ಕೋಣೆಗೆ ಬಂದು, ಇನ್ನೊಂದು ಬರಿ, ಆದರೆ ಮುಖವಾಡ ಇರಲಿ, ಕೊನೆಯಲ್ಲಿ ಒಂದು ಸಲ ಬೇಕಾದರೆ ತೆಗೆ ಎಂದು ರಾಜಿಯ ಮಾತಾಡಿದರು. ಮಾಸ್ತರರು ಒಪ್ಪಿದರು. ಅಷ್ಟರಲ್ಲಿ ಅವರ ರಜೆ ಬಂತು, ಆ ಸಂಚಿಕೆಯನ್ನು ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಇಟ್ಟುಕೊಂಡು ಊರಿಗೆ ಹೋದರು.

ರಜೆ ಮುಗಿಸಿ ಬಂದ ದಿನ ಅವರು ಚೀಲವನ್ನೂ ಕೆಳಗಿಡದೆ ಕ್ಯಾಮೆರಾ ಕೋಣೆಗೇ ನುಗ್ಗಿದರು. ಮಗಳಿಗೆ ಪತ್ರಿಕೆ ಕೊಟ್ಟರಂತೆ. ಅವಳಿಗೆ ಅರಬ್ಬಿ ಬರುವುದಿಲ್ಲ, ಬಲದಿಂದ ಓದಬೇಕೆಂಬುದೂ ತಿಳಿಯದು, ಹೇಳಿಕೊಡಲು ಇವರಿಗೂ ಮರೆತಿತ್ತು. ಕನ್ನಡ ಪುಸ್ತಕ ತೆರೆಯುವ ಹಾಗೆ ತೆರೆದಳು. ಪತ್ರಿಕೆಯ ಕಟ್ಟಕಡೆಯ ಪುಟ ಅವಳಿಗೆ ಮೊದಲನೆಯದಾಯಿತು. ನಾವು ಹೆದರಿ ಹೆದರಿ ಕೊನೆಯಲ್ಲಿ ತೋರಿಸಿದ್ದ ಮುಖ ಅವಳಿಗೆ ಕತೆಯ ಬಾಗಿಲಲ್ಲೇ ಸಿಕ್ಕಿತು. ಇಂವಾ ನಮ್ಮಂಗ ಅದಾನ ಅಂದಳಂತೆ. ಇದನ್ನು ಹೇಳುವಾಗ ಮಾಸ್ತರರು ನನ್ನ ಎರಡೂ ಭುಜ ಹಿಡಿದು ಅಲುಗಾಡಿಸುತ್ತಿದ್ದರು. ನಾನೂ ಅವರನ್ನು ಹಿಡಿದುಕೊಂಡಿದ್ದೆ. ಅವಳ ಕತೆಯಲ್ಲಿ ಒಬ್ಬ ಕಪ್ಪು ಮನುಷ್ಯ ಮೊದಲು ಹೊಟ್ಟೆ ತುಂಬ ನೀರು ಕುಡಿಯುತ್ತಾನೆ, ಆಮೇಲೆ ಮುಖವಾಡ ಹಾಕಿಕೊಂಡು ಹೋಗಿ ಬಸ್ಸು ಎತ್ತುತ್ತಾನೆ, ಆಮೇಲೆ ಬಿರುಗಾಳಿಯೊಳಗೆ ಓಡುತ್ತಾನೆ. ಬಸ್ಸು ಎತ್ತಿದವನು ಯಾರೆಂದು ಅವಳಿಗೆ ಮೊದಲಿಂದ ಕೊನೆಯವರೆಗೂ ಗೊತ್ತು.

ಆಮೇಲೆ ಅವರು ನನ್ನ ಭುಜ ಬಿಟ್ಟರು.

"ಎಲ್ಲಾ ನೋಡಿ ಮುಗಿಸಿ ಕೇಳಿದಳ್ರಿ ಆಕಿ. ಅಪ್ಪಾ, ಮುಖ ಛೊಲೋ ಇತ್ತಲ್ಲ, ಆಮ್ಯಾಲೆ ಯಾಕ ಮುಚ್ಚಿಕೊಂಡ ಅಂತ."

ನೀವೆಂತ ಹೇಳಿದಿರಿ ಅಂದೆ.

"ರಿಯಾದಿನಾಗ ಭಾಳ ಧೂಳವ್ವಾ ಅಂದೆ. ಸುಳ್ಳ ಹೇಳಿ ಬಂದೀನಿ. ಇನ್ನೊಮ್ಮೆ ಹೇಳಾಂಗಿಲ್ಲ."

ಚೀಲ ಕೆಳಗಿಟ್ಟು ಮೇಜಿಗೆ ಕೂತರು. ಎರಡು ದಿನ ಊಟದ ಬಿಡುವಿನಲ್ಲೂ ಏಳದೆ ಬರೆದರು. ಮೂರನೆಯ ದಿನ ಹೊಸ ಕತೆಯ ಮೊದಲ ಹಾಳೆ ಹಿಡಿದುಕೊಂಡು ಸಂಪಾದಕರ ಕೋಣೆಗೆ ನಡೆದರು. ನನ್ನನ್ನು ಕರೆದಿರಲಿಲ್ಲ, ನಾನೂ ಹಿಂದೆ ಹೋದೆ. ಈ ಸಲ ಬಲದಿಂದಲೇ ಬರೆದಿದ್ದರು. ಮೊದಲ ಚಿತ್ರದಲ್ಲೇ ಹೀರೋ ತನ್ನ ಮನೆಯಲ್ಲಿ, ಊಟದ ಮೇಜಿನಲ್ಲಿ, ತಾಯಿಯ ಎದುರು ಕೂತಿದ್ದ. ಪೂರ್ತಿ ಮುಖ. ಸಂಪಾದಕರು ಹಾಳೆಯನ್ನು ತಿರುಗಿಸಿ ಹಿಂಬದಿ ನೋಡಿದರು, ಮತ್ತೆ ಮುಂಬದಿ ನೋಡಿದರು. ಮುಖವಾಡ ಎಲ್ಲಿ ಎಂದು ಕೇಳಿದರು.

ಇಲ್ಲ ಎನ್ನಲು ಅಲ್ಲಿ ಎಲ್ಲರೂ ಹೇಳುವ ಒಂದೇ ಮಾತನ್ನು ಮಾಸ್ತರರು ಹೇಳಿದರು. "ಮಾಫಿ."

ಹೊರಗೆ ಮಾಲೀಕರ ಕಾರು ಬಂದು ನಿಂತ ಸದ್ದು ಕೇಳಿತು. ಸಂಪಾದಕರ ಕೈ ಟೈ ಕಡೆಗೆ ಹೋಗಿ ಅರ್ಧದಲ್ಲೇ ನಿಂತಿತು. ಅವರು ಕಿಸೆಯಿಂದ ನೀಲಿ ಪೆನ್ಸಿಲು ತೆಗೆದು ಹಾಳೆಯ ಮೂಲೆಯಲ್ಲಿ ಪುಟದ ಸಂಖ್ಯೆ ಬರೆದು ನನ್ನ ಕೈಗೇ ಕೊಟ್ಟರು. ಸಂಖ್ಯೆ ಬಿದ್ದ ಹಾಳೆ ನಮ್ಮಲ್ಲಿ ಇನ್ಯಾರನ್ನೂ ಕೇಳದೆ ಅಚ್ಚಿಗೆ ಹೋಗುತ್ತಿತ್ತು. ನಾನು ಓಡಿಹೋಗಿ ಕ್ಯಾಮೆರಾದ ದೀಪ ಹಾಕಿದೆ.